ಹಗೇವಿನ ಲೆಕ್ಕ

ಮಧ್ಯಮ ವರ್ಗದವರು ಯಾರು ಎಂದು ಹತ್ತು ಜನ ಸೇರಿದ ಯಾವ ಜಾಗದಲ್ಲಾದರೂ ಕೇಳಿ ನೋಡಬಹುದು. ಉತ್ತರಕ್ಕಾಗಿ ಬಹಳ ಹೊತ್ತು ಕಾಯಬೇಕಾಗುವುದಿಲ್ಲ. ಎಲ್ಲರೂ ತಮ್ಮ ಎದೆಯ ಮೇಲೆಯೇ ಕೈಯಿಟ್ಟು ತೋರಿಸುತ್ತಾರೆ. ಎರಡು ಕಾರು, ಮೂರು ನಿವೇಶನಗಳುಳ್ಳ ಗೃಹಸ್ಥರು “ನಮ್ಮಂಥ ಮಧ್ಯಮ ವರ್ಗದವರ ಪಾಡನ್ನು ಕೇಳುವವರೇ ಇಲ್ಲ” ಎಂದು ನಿಟ್ಟುಸಿರು ಬಿಡುತ್ತಾರೆ. ತಿಂಗಳ ಇಪ್ಪತ್ತನೆಯ ತಾರೀಖಿಗೆ ಅಂಗಡಿಯಲ್ಲಿ ಸಾಲ ಬರೆಸುವ ಗುಮಾಸ್ತರೂ ಅದೇ ಮಾತನ್ನು ಅದೇ ನಿಟ್ಟುಸಿರಿನೊಡನೆ ಆಡುತ್ತಾರೆ. ಇಷ್ಟೊಂದು ಮಂದಿ ತಮ್ಮದೆಂದು ಹೇಳಿಕೊಳ್ಳುವ ಈ ವರ್ಗವು ದಿನದಿನಕ್ಕೆ ಕುಗ್ಗುತ್ತಿದೆಯೆಂಬ ದೂರೂ ಈಚಿನ ವರ್ಷಗಳಲ್ಲಿ ಬಲವಾಗಿ ಕೇಳಿಬರುತ್ತಿದೆ. ಕುಗ್ಗಿದೆಯೆಂದು ಹೇಳಬೇಕಾದರೆ ಮೊದಲು ಎಣಿಸಬೇಕು. ಎಣಿಸಬೇಕಾದರೆ ಯಾರನ್ನು ಎಣಿಸುವುದೆಂಬುದು ಗೊತ್ತಿರಬೇಕು. ತೊಡಕು ಇರುವುದು ಅಲ್ಲಿಯೇ.

ರಾಜಧಾನಿಯಲ್ಲಿ ಕುಳಿತು ಈ ತೊಡಕನ್ನು ಬಿಡಿಸುವುದು ಕಷ್ಟ. ಅಲ್ಲಿ ಸಂಬಳದ ಮಾತಿನ ಗದ್ದಲದಲ್ಲಿ ಬೇರೆ ಮಾತು ಕೇಳಿಸುವುದಿಲ್ಲ. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಹೊರಟು ತುಮಕೂರನ್ನು ದಾಟಿ ಮುಂದೆ ಸಾಗಿದರೆ ಶಿರಾ. ಆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಗೌಡಗೆರೆಯೂ ಒಂದು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಮಳೆರಾಯನ ಲೆಕ್ಕದಲ್ಲಿಯೂ ಇವುಗಳದು ಹೆಚ್ಚು ಕಡಿಮೆ ಒಂದೇ ಗತಿ. ರಾಗಿ, ಕಡಲೆಕಾಯಿ, ಹುಣಸೆ, ಕುರಿ, ಇವೇ ಈ ಸೀಮೆಯ ಹಳೆಯ ಆಸರೆಗಳು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಮಧುಗಿರಿ, ಶಿರಾ, ಪಾವಗಡಗಳನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ನಡುವಿನವರು ಯಾರು, ಅಂಚಿನವರು ಯಾರು ಎಂಬುದು ಇಂಥ ನೆಲದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಏಕೆಂದರೆ ಇಲ್ಲಿ ಬರಗಾಲವೇ ಎರಡು ಮೂರು ವರ್ಷಗಳಿಗೊಮ್ಮೆ ಬಂದು ಪರೀಕ್ಷೆ ನಡೆಸಿ ಹೋಗುತ್ತದೆ.

ಗೌಡಗೆರೆಯಂಥ ಹೋಬಳಿ ಊರಿನ ಒಂದು ಬೀದಿಯಲ್ಲಿ ಸಾಲಾಗಿ ಮೂರು ಮನೆಗಳಿವೆಯೆಂದು ಭಾವಿಸಬಹುದು. ಮೊದಲನೆಯದು ಸರ್ಕಾರಿ ಶಾಲೆಯ ಮೇಷ್ಟರ ಮನೆ. ತಿಂಗಳಿಗೆ ಅರವತ್ತು ಸಾವಿರ ರೂಪಾಯಿ ಕೈಗೆ ಬರುತ್ತದೆ. ಎರಡನೆಯದು ಐದು ಎಕರೆ ಹೊಲವುಳ್ಳ ಒಕ್ಕಲಿನ ಮನೆ. ಕೊಳವೆಬಾವಿಯಲ್ಲಿ ನೀರು ಇದ್ದಾಗ ಉಂಟು, ಇಲ್ಲದಾಗ ಇಲ್ಲ. ಮೂರನೆಯದು ದಿನಸಿ ಅಂಗಡಿಯವರ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಕೇಳಿದರೆ ಮೂವರೂ “ನಮ್ಮದು ಮಧ್ಯಮ ವರ್ಗ” ಎನ್ನುತ್ತಾರೆ. ಊರಿನವರೂ ಅದನ್ನು ಒಪ್ಪುತ್ತಾರೆ. ಒಪ್ಪದೆ ಇರುವವರು ಕಚೇರಿಗಳವರು ಮಾತ್ರ.

ಮೇಷ್ಟರ ವಿಷಯವನ್ನೇ ತೆಗೆದುಕೊಳ್ಳಬಹುದು. ಅವರ ವರ್ಷದ ವರಮಾನ 7 ಲಕ್ಷ 20 ಸಾವಿರ. ಪಡಿತರ ಚೀಟಿಯ ಕಚೇರಿಗೆ ಹೋದರೆ ಅಲ್ಲಿ ಅವರು ಉಳ್ಳವರು. ಬಡತನದ ರೇಖೆಗಿಂತ ಕೆಳಗಿನವರಿಗೆ ಕೊಡುವ ಬಿಪಿಎಲ್ ಕಾರ್ಡಿಗೆ ರಾಜ್ಯದಲ್ಲಿ ಇಟ್ಟಿರುವ ಮಿತಿ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ. ಅದೇ ಮೇಷ್ಟರು ಬೇರಾವ ಮೀಸಲಾತಿಯೂ ಇಲ್ಲದ ಸಮುದಾಯದವರಾಗಿ, ಮಗಳನ್ನು ಕೇಂದ್ರ ಸರ್ಕಾರದ ವಿದ್ಯಾಸಂಸ್ಥೆಗೆ ಸೇರಿಸಹೊರಟರೆ ಅಲ್ಲಿ ಅವರು ದುರ್ಬಲರು. 2019ರ ಸಂವಿಧಾನ ತಿದ್ದುಪಡಿಯಿಂದ ಬಂದ ಶೇಕಡ 10ರ ಮೀಸಲಾತಿಯಲ್ಲಿ 8 ಲಕ್ಷಕ್ಕಿಂತ ಕಡಿಮೆ ವರಮಾನದ ಕುಟುಂಬ ಆರ್ಥಿಕವಾಗಿ ದುರ್ಬಲವೆಂದೇ ಗಣಿತ. ಆದಾಯ ತೆರಿಗೆಯವರ ಬಳಿಗೆ ಹೋದರೆ, 2025ರ ಮುಂಗಡಪತ್ರದ ತರುವಾಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ತೆರಿಗೆಯೇ ಇಲ್ಲ; ಆದಕಾರಣ ಅವರು ತೆರಿಗೆ ತೆರುವಷ್ಟು ದೊಡ್ಡವರಲ್ಲ. ಕೊನೆಗೆ ದೆಹಲಿಯ ‘ಪ್ರೈಸ್’ ಎಂಬ ಸಂಶೋಧನ ಸಂಸ್ಥೆಯು ವರ್ಷಕ್ಕೆ 5 ಲಕ್ಷದಿಂದ 30 ಲಕ್ಷದವರೆಗೆ ವರಮಾನವುಳ್ಳ ಮನೆಗಳನ್ನೆಲ್ಲ ಮಧ್ಯಮ ವರ್ಗವೆಂದು ಕರೆದಿರುವುದರಿಂದ, ಅಲ್ಲಿ ಮೇಷ್ಟರಿಗೆ ಅವರು ಬಯಸಿದ ಹೆಸರು ದೊರೆಯುತ್ತದೆ. ಒಂದೇ ದಿನ ನಾಲ್ಕು ಬಾಗಿಲುಗಳನ್ನು ತಟ್ಟಿದ ಒಬ್ಬರೇ ಮೇಷ್ಟರು ಒಂದು ಬಾಗಿಲಲ್ಲಿ ಉಳ್ಳವರು, ಇನ್ನೊಂದರಲ್ಲಿ ದುರ್ಬಲರು, ಮೂರನೆಯದರಲ್ಲಿ ಲೆಕ್ಕಕ್ಕೇ ಇಲ್ಲದವರು, ನಾಲ್ಕನೆಯದರಲ್ಲಿ ಮಧ್ಯಮದವರು.

ಹಿಂದೆ ಈ ಗೊಂದಲ ಇಷ್ಟಿರಲಿಲ್ಲವೆಂದು ತೋರುತ್ತದೆ. ಭಾರತ ಸರ್ಕಾರದ ಅಂಕಿಅಂಶ ಇಲಾಖೆಯವರು 1958–59ರಲ್ಲಿ ದೇಶದ 45 ನಗರಗಳಲ್ಲಿ ಮಧ್ಯಮ ವರ್ಗದ ಕುಟುಂಬಗಳ ಜೀವನವನ್ನು ಕುರಿತು ದೊಡ್ಡದೊಂದು ಸಮೀಕ್ಷೆ ನಡೆಸಿದರು. ಆಗ ಅವರು ಇಟ್ಟುಕೊಂಡ ವ್ಯಾಖ್ಯೆ ಸರಳವಾದುದು. ಸಂಸಾರದ ವರಮಾನದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮೈಗೆಲಸವಲ್ಲದ ನೌಕರಿಯಿಂದ ಬರುತ್ತಿದ್ದರೆ ಅದು ಮಧ್ಯಮ ವರ್ಗದ ಮನೆ. ಲೇಖನಿ ಹಿಡಿದವನು ಮಧ್ಯಮ, ಗುದ್ದಲಿ ಹಿಡಿದವನು ಕಾರ್ಮಿಕ. ಆ ಸಮೀಕ್ಷೆಯ ಆಧಾರದ ಮೇಲೆ ನಗರದ ನೌಕರವರ್ಗಕ್ಕಾಗಿಯೇ ಪ್ರತ್ಯೇಕವಾದ ಬೆಲೆ ಸೂಚ್ಯಂಕವೊಂದು ಹೊರಡುತ್ತಿತ್ತು. ಅಕ್ಕಿಯ ಬೆಲೆ, ಮನೆಬಾಡಿಗೆ, ಮಕ್ಕಳ ಶಾಲೆಯ ಖರ್ಚು ಆ ಜನಕ್ಕೆ ಎಷ್ಟು ಭಾರವಾಯಿತೆಂಬುದನ್ನು ಸರ್ಕಾರ ತಿಂಗಳು ತಿಂಗಳೂ ಲೆಕ್ಕವಿಡುತ್ತಿತ್ತು. 2010ರ ಸುಮಾರಿಗೆ ಆ ಸೂಚ್ಯಂಕವನ್ನು ಕೈಬಿಟ್ಟು, ನಗರದವರಿಗೆಲ್ಲ ಒಂದೇ ಸೂಚ್ಯಂಕವೆಂದು ಮಾಡಲಾಯಿತು.

ಅಂದಿನ ವ್ಯಾಖ್ಯೆ ಇಂದಿಗೆ ಏಕೆ ಸಾಲದೆಂಬುದನ್ನು ಯಾವ ಹಳ್ಳಿಯ ಶಾಲೆಯಾದರೂ ತೋರಿಸಿಕೊಡುತ್ತದೆ. ಒಂದೇ ಶಾಲೆಯಲ್ಲಿ ಇಬ್ಬರು ಶಿಕ್ಷಕರು. ಒಂದೇ ಕಪ್ಪುಹಲಗೆ, ಒಂದೇ ಪಾಠ, ಇಬ್ಬರ ಕೈಯಲ್ಲೂ ಸೀಮೆಸುಣ್ಣ. ಒಬ್ಬರು ಖಾಯಂ ನೌಕರರು. ಮತ್ತೊಬ್ಬರು ಶಾಲೆಯ ವರ್ಷಕ್ಕಷ್ಟೇ ನೇಮಕಗೊಂಡ ಅತಿಥಿ ಶಿಕ್ಷಕರು. ತಿಂಗಳಿಗೆ ಹದಿನೈದು ಸಾವಿರವನ್ನೂ ಮುಟ್ಟದ ಗೌರವಧನ, ಬೇಸಗೆ ಬಂದರೆ ಅದೂ ಇಲ್ಲ. ಇಬ್ಬರೂ ಮೈಗೆಲಸದವರಲ್ಲ; 1958ರ ವ್ಯಾಖ್ಯೆಯಂತೆ ಇಬ್ಬರೂ ಒಂದೇ ವರ್ಗದವರು. ಆದರೆ ಒಬ್ಬರ ಮನೆಯಲ್ಲಿ ಕಾಯಿಲೆ ಬಂದರೆ ರಜೆ ಹಾಕುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಕಾಯಿಲೆ ಬಂದರೆ ವಡವೆ ಅಡವಿಡುತ್ತಾರೆ. ಅಂಗಿಯ ಮಡಿಕೆ ಇಬ್ಬರದೂ ಒಂದೇ, ನೆಮ್ಮದಿ ಬೇರೆ ಬೇರೆ. ನೌಕರಿಯ ಹೆಸರು ಮಧ್ಯಮ ವರ್ಗದ ಗುರುತಾಗಿ ಉಳಿದಿಲ್ಲ.

ಹಾಗಾದರೆ ಗುರುತು ಯಾವುದು? ಈ ಸೀಮೆಯ ಹಳೆಯ ಒಕ್ಕಲುತನದಲ್ಲಿಯೇ ಅದಕ್ಕೆ ಒಳ್ಳೆಯ ಉತ್ತರವಿದೆ. ಅದು ಹಗೇವು.

ಪೇಟೆಯಲ್ಲಿ ಬೆಳೆದ ಮಕ್ಕಳು ಹಗೇವನ್ನು ನೋಡಿರಲಾರರು. ಗಟ್ಟಿ ನೆಲವನ್ನು ಬಾವಿಯಂತೆ ತೋಡಿ, ಬಾಯನ್ನು ಕಿರಿದಾಗಿಯೂ ಹೊಟ್ಟೆಯನ್ನು ಅಗಲವಾಗಿಯೂ ಮಾಡಿ, ಒಳಗೆ ಸುತ್ತಲೂ ಒಣಹುಲ್ಲು ಹೊದಿಸಿ, ಕಣದಿಂದ ಬಂದ ರಾಗಿಯನ್ನು ಅದರಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಬೀಳುವುದು ಅಪರೂಪ; ತೇವ ತಾಗದಂತೆ ನೋಡಿಕೊಂಡರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹಗೇವನ್ನು ತೆರೆಯುವ ದಿನ ಅವಸರ ಕೂಡದು. ಒಳಗೆ ಕಟ್ಟಿಕೊಂಡ ಗಾಳಿ ಪ್ರಾಣಕ್ಕೆ ಅಪಾಯವಾದುದರಿಂದ, ಬಾಯಿ ತೆಗೆದು ಕಾದು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದುದು.

ಊರಿನವರು ಒಂದು ಮನೆಯ ಮಟ್ಟವನ್ನು ಈ ಗುಳಿಯಿಂದಲೇ ಅಳೆಯುತ್ತಿದ್ದರು. ದೊಡ್ಡ ಕುಳಗಳಿಗೆ ಹಗೇವು ಹಲವು. ಕೂಲಿಯವರಿಗೆ ಹಗೇವಿಲ್ಲ, ಮಡಕೆಯಲ್ಲಿ ಇದ್ದಷ್ಟೇ. ಇವರಿಬ್ಬರ ನಡುವೆ ಒಂದೇ ಒಂದು ಹಗೇವಿನ ಮನೆ. ಅವರು ಸಿರಿವಂತರಲ್ಲ; ಅವರ ಹೆಂಗಸರೂ ಕಳೆ ಕೀಳುತ್ತಿದ್ದರು, ಗಂಡಸರೂ ಮಡಕೆ ಹೂಡುತ್ತಿದ್ದರು. ಆದರೆ ಒಂದು ಮುಂಗಾರು ಕೈಕೊಟ್ಟರೆ ಅವರು ಊರು ಬಿಡುತ್ತಿರಲಿಲ್ಲ. ಎರಡನೆಯ ಮುಂಗಾರು ಕೈಕೊಟ್ಟರೂ ಹೊಲ ಮಾರದೆ, ಎತ್ತು ಮಾರದೆ, ಮಗನನ್ನು ಜೀತಕ್ಕಿಡದೆ ಮೂರನೆಯದನ್ನು ಎದುರುನೋಡುತ್ತಿದ್ದರು. ಮಧ್ಯಮ ವರ್ಗಕ್ಕೆ ಇದಕ್ಕಿಂತ ಸಮರ್ಪಕವಾದ ವ್ಯಾಖ್ಯೆಯನ್ನು ಯಾವ ಅರ್ಥಶಾಸ್ತ್ರಜ್ಞರೂ ಕೊಟ್ಟಂತೆ ಕಾಣೆವು. ಎಷ್ಟು ಬರುತ್ತದೆಂಬುದಕ್ಕಿಂತ, ಬರುವುದು ನಿಂತರೆ ಎಷ್ಟು ಕಾಲ ನಿಲ್ಲಬಲ್ಲರೆಂಬುದು ಮನೆಯ ವರ್ಗವನ್ನು ಹೇಳುತ್ತದೆ.

ಈ ಅಳತೆ ಎಷ್ಟು ಕಠಿಣವಾದುದೆಂಬುದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876–78ರಲ್ಲಿ, ಗೊತ್ತಾಯಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟೂ ಇರಲಿಲ್ಲ. ಬರದ ಮುಂದೆ ಮಡಕೆಯ ರಾಗಿ ಎಷ್ಟು ದಿನ ಬಂದೀತು?

ಆದರೆ ಹಳೆಯದನ್ನು ನೆನೆದು ಬರಿಯ ಹಂಬಲಪಡುವುದರಲ್ಲಿ ನ್ಯಾಯವಿಲ್ಲ. ಅಂದಿನ ನಡುವಿನ ಮನೆಗಳು ಎಷ್ಟಿದ್ದವು, ಯಾರವು ಎಂದು ಕೇಳಿಕೊಳ್ಳಬೇಕು. ಹಳ್ಳಿಯ ನಾಲ್ಕೈದು ಜಾತಿಗಳೊಳಗೆ ಆ ಭಾಗ್ಯ ಮುಗಿಯುತ್ತಿತ್ತು; ಊರಾಚೆಯ ಕೇರಿಯಲ್ಲಿ ಹಗೇವು ತೋಡಲು ನೆಲವೂ ಇರಲಿಲ್ಲ, ತುಂಬಲು ಕಾಳೂ ಇರಲಿಲ್ಲ. ಸ್ವಾತಂತ್ರ್ಯಾನಂತರದ ಕಾಯಿದೆಗಳು ಈ ಕಟ್ಟನ್ನು ಸಡಿಲಿಸಿದವು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯವಾದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವ ಗೇಣಿದಾರನು ಹೊಲದ ಒಡೆಯನಾದನು. 1975ರಲ್ಲಿ ಹಾವನೂರು ಆಯೋಗದ ವರದಿ ಬಂದಿತು. ಊರೂರಿಗೆ ಶಾಲೆಗಳಾದವು, ಶಾಲೆಯಲ್ಲಿ ಓದಿದವರಿಗೆ ನೌಕರಿಗಳಾದವು. ಅಪ್ಪ ಕುರಿ ಕಾಯ್ದ ಮನೆಯಿಂದ ಮಗ ಮೇಷ್ಟರಾದ, ಮಗಳು ದಾದಿಯಾದಳು. ಒಂದು ತಲೆಮಾರಿನ ಕಾಲ ನಡುವಿನ ವರ್ಗ ಕೇವಲ ಉಳಿದುದಷ್ಟೇ ಅಲ್ಲದೆ ಅಗಲವೂ ಆಯಿತು. ಇಂದು ಕುಗ್ಗುತ್ತಿರುವುದು ಹೀಗೆ ಕಷ್ಟದಿಂದ ಅಗಲವಾದ ವರ್ಗ. ಆದುದರಿಂದಲೇ ಆ ಮಾತಿಗೆ ತೂಕವಿದೆ.

ನಿಜವಾಗಿಯೂ ಕುಗ್ಗುತ್ತಿದೆಯೇ? ಪಂಡಿತರಲ್ಲಿ ಒಮ್ಮತವಿಲ್ಲ. ಮೇಲೆ ಹೇಳಿದ ‘ಪ್ರೈಸ್’ ಸಂಸ್ಥೆಯ ಲೆಕ್ಕದಂತೆ 2004–05ರಲ್ಲಿ ದೇಶದ ಶೇಕಡ 14ರಷ್ಟು ಜನ ಮಧ್ಯಮ ವರ್ಗದವರಾಗಿದ್ದರೆ 2020–21ರಲ್ಲಿ ಶೇಕಡ 31 ಮಂದಿ ಆಗಿದ್ದಾರೆ. ಅಮೆರಿಕದ ಪ್ಯೂ ಸಂಶೋಧನ ಕೇಂದ್ರದವರು ದಿನಕ್ಕೆ ತಲೆಗೆ 10ರಿಂದ 20 ಡಾಲರ್ ಎಂಬ ಅಂತಾರಾಷ್ಟ್ರೀಯ ಅಳತೆಯನ್ನಿಟ್ಟುಕೊಂಡು, ಕೋವಿಡ್ ಪಿಡುಗಿನ ಒಂದೇ ವರ್ಷದಲ್ಲಿ ಭಾರತದ ಮಧ್ಯಮ ವರ್ಗವು ಇರಬೇಕಾದುದಕ್ಕಿಂತ 3 ಕೋಟಿ 20 ಲಕ್ಷದಷ್ಟು ಕುಗ್ಗಿತೆಂದು 2021ರ ಮಾರ್ಚಿಯಲ್ಲಿ ಅಂದಾಜು ಮಾಡಿದರು. ಒಬ್ಬರ ಮಧ್ಯಮ ವರ್ಗದಲ್ಲಿ ನಲವತ್ತು ಕೋಟಿಗೂ ಮೇಲ್ಪಟ್ಟು ಜನ, ಇನ್ನೊಬ್ಬರದರಲ್ಲಿ ಹತ್ತು ಕೋಟಿಯೂ ಇಲ್ಲ. ಸೇರು ಬೇರೆಯಾದರೆ ರಾಶಿಯ ಲೆಕ್ಕವೂ ಬೇರೆಯಾಗುತ್ತದೆ.

ಮೂರನೆಯ ಬಗೆಯ ಅಳತೆಯೊಂದುಂಟು. ದೇಶದ ಜನರನ್ನು ವರಮಾನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಕೆಳಗಿನ ಅರ್ಧವನ್ನೂ ಮೇಲಿನ ಹತ್ತನೆಯ ಒಂದು ಪಾಲನ್ನೂ ಬಿಟ್ಟು, ನಡುವಿನ ನೂರಕ್ಕೆ ನಲವತ್ತು ಮಂದಿಯನ್ನು ಮಧ್ಯಮರೆಂದು ಕರೆಯುವುದು. ಈ ಅಳತೆಯಲ್ಲಿ ವರ್ಗದ ಸಂಖ್ಯೆ ಎಂದಿಗೂ ಕುಗ್ಗಲಾರದು. ಕುಗ್ಗುವುದು ಅವರ ಎಲೆಗೆ ಬೀಳುವ ತುತ್ತು. ವಿಶ್ವ ಅಸಮಾನತೆಯ ಅಧ್ಯಯನ ಕೇಂದ್ರದವರು 2024ರಲ್ಲಿ ಪ್ರಕಟಿಸಿದ ವರದಿಯಂತೆ, 1980ರ ಆರಂಭದ ವರ್ಷಗಳಲ್ಲಿ ದೇಶದ ವರಮಾನದಲ್ಲಿ ಶೇಕಡ 40ಕ್ಕೂ ಮೇಲ್ಪಟ್ಟ ಪಾಲು ಈ ನಡುವಿನವರದಾಗಿತ್ತು. 2022–23ರ ವೇಳೆಗೆ ಅದು ಶೇಕಡ 27ರ ಮಟ್ಟಕ್ಕೆ ಇಳಿದಿದೆ. ತುದಿಯ ನೂರಕ್ಕೆ ಒಬ್ಬರ ಪಾಲು ಶೇಕಡ 22ನ್ನು ಮೀರಿದೆ.

ಇದು ನಮ್ಮ ದೇಶಕ್ಕೇ ಬಂದ ವ್ಯಾಧಿಯೂ ಅಲ್ಲ. ಅಮೆರಿಕದಲ್ಲಿ ದೇಶದ ನಡುಮಟ್ಟದ ವರಮಾನದ ಮೂರರಲ್ಲಿ ಎರಡು ಪಾಲಿನಿಂದ ಎರಡರಷ್ಟರವರೆಗೆ ಪಡೆಯುವವರನ್ನು ಮಧ್ಯಮ ವರ್ಗವೆಂದು ಎಣಿಸುತ್ತಾರೆ. 1971ರಲ್ಲಿ ನೂರಕ್ಕೆ 61 ಮಂದಿ ಆ ಮನೆಗಳಲ್ಲಿದ್ದರೆ 2023ರಲ್ಲಿ 51 ಮಂದಿ ಮಾತ್ರ. ಆದರೆ ಅಲ್ಲಿ ಮನೆ ಬಿಟ್ಟವರಲ್ಲಿ ಮೇಲೆ ಹೋದವರೂ ಬಹಳ ಮಂದಿ. ಇಲ್ಲಿಯ ಮಾತು ಬೇರೆ. ಶಿರಾ ಸೀಮೆಯಲ್ಲಿ ನಡುವಿನಿಂದ ಹೊರಟವರು ಯಾವ ಕಡೆ ಹೋಗುತ್ತಿದ್ದಾರೆಂಬುದೇ ಮುಖ್ಯವಾದ ಪ್ರಶ್ನೆ.

ಹಗೇವಿನ ಲೆಕ್ಕವನ್ನು ಈಗ ಮೂರು ಮನೆಗಳಿಗೂ ಅನ್ವಯಿಸಿ ನೋಡಬಹುದು. ಮೇಷ್ಟರಿಗೆ ಇಂದಿನ ಹಗೇವು ಸಂಬಳದ ಖಾಯಮಾತಿ ಮತ್ತು ನಿವೃತ್ತಿ ವೇತನ. ರಾಜ್ಯದಲ್ಲಿ 2006ರ ಏಪ್ರಿಲ್ 1ರ ಬಳಿಕ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿ, ತಾವೂ ಹಣ ಕಟ್ಟುತ್ತ ಮಾರುಕಟ್ಟೆಯ ಏರಿಳಿತವನ್ನು ನಂಬಬೇಕಾದ ಹೊಸ ಪದ್ಧತಿ ಬಂದಿತು. ಅಪ್ಪನಿಗೆ ತುಂಬಿದ ಹಗೇವು, ಮಗನಿಗೆ ಅಳತೆ ಗೊತ್ತಿಲ್ಲದ ಹಗೇವು. ದೇಶದ ಮಟ್ಟದಲ್ಲಿ ನೋಡಿದರೆ, ದುಡಿಯುವವರಲ್ಲಿ ತಿಂಗಳ ಸಂಬಳದವರು 2018–19ರಲ್ಲಿ ನೂರಕ್ಕೆ 24ರ ಹತ್ತಿರವಿದ್ದು 2022–23ರಲ್ಲಿ 21ಕ್ಕೆ ಇಳಿದರು. ಸ್ವಂತ ಕಸುಬಿನವರೆಂದು ಬರೆಸಿಕೊಂಡವರು 57ನ್ನು ದಾಟಿದರು. ಸ್ವಂತ ಕಸುಬೆಂಬುದು ಕೇಳಲು ಇಂಪಾದ ಹೆಸರು. ಊರಿಗೆ ಮರಳಿ ಅಣ್ಣನ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ತಮ್ಮನೂ ಆ ಹೆಸರಿನಲ್ಲಿ ಸೇರಿದ್ದಾನೆ.

ಒಕ್ಕಲಿನ ಮನೆಯ ಲೆಕ್ಕ ಇನ್ನೂ ಕಿರಿದು. ಮಳೆ ಕೈಹಿಡಿದ ವರ್ಷ ಎಕರೆಗೆ ಎಂಟು ಕ್ವಿಂಟಾಲಿನಂತೆ ಐದು ಎಕರೆಗೆ ನಲವತ್ತು ಕ್ವಿಂಟಾಲ್ ರಾಗಿ ಬಂದಿತೆಂದು ಭಾವಿಸಿದರೂ, 2025–26ಕ್ಕೆ ಸರ್ಕಾರ ಘೋಷಿಸಿದ 4,886 ರೂಪಾಯಿಯ ಬೆಂಬಲ ಬೆಲೆಯಲ್ಲಿ ಒಟ್ಟು 1 ಲಕ್ಷ 95 ಸಾವಿರ. ಬೀಜ, ಗೊಬ್ಬರ, ಉಳುಮೆ, ಕಟಾವುಗಳಿಗೆ ಅರ್ಧ ಹೋದರೆ ಉಳಿಯುವುದು ಒಂದು ಲಕ್ಷದ ಆಸುಪಾಸು. ಕಡಲೆಕಾಯಿ ಒಂದು ಕಾಲದಲ್ಲಿ ಈ ಸೀಮೆಗೆ ಕೈಯಲ್ಲಿ ನಾಲ್ಕು ಕಾಸು ತಂದುಕೊಟ್ಟ ಬೆಳೆ. 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆಯೊಡನೆ ಸೆಣಸಬೇಕಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆಗ ಒಂದು ಲಕ್ಷವೂ ಇಲ್ಲ. ಹೊಲದಲ್ಲಿ ಇನ್ನೊಂದು ಕೊಳವೆಬಾವಿ ಕೊರೆಸಿ ನೀರು ಬಾರದೆ ಹೋದರೆ, ಮುಂದಿನ ಮೂರು ವರ್ಷದ ರಾಗಿ ಆ ಕೊಳವೆಯೊಳಕ್ಕೇ ಇಳಿದು ಹೋದಂತೆ. ಹಿಂದಿನವರು ನೆಲವನ್ನು ತೋಡಿ ಕಾಳನ್ನು ತುಂಬಿದರು. ಇಂದಿನವರು ನೆಲವನ್ನು ಕೊರೆದು ಸಾಲವನ್ನು ತುಂಬುತ್ತಿದ್ದಾರೆ.

ಪಾವಗಡ ತಾಲ್ಲೂಕಿನಲ್ಲಿ ಹೊಸ ಬಗೆಯ ಹಗೇವೊಂದು ಕಾಣಿಸಿಕೊಂಡಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನ ಎದ್ದು ನಿಂತಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣವಾಯಿತು. ಅಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಮಳೆ ಬಾರದ ನೆಲದಲ್ಲಿ ಬಿಸಿಲೇ ಬೆಳೆಯಾಯಿತು. ಐದು ಎಕರೆಯವನಿಗೆ ಮೊದಲ ವರ್ಷ 1 ಲಕ್ಷ 5 ಸಾವಿರ. ಒಳ್ಳೆಯ ಮಳೆಯ ವರ್ಷದ ರಾಗಿಯ ಲಾಭದಷ್ಟೇ, ಆದರೆ ತಪ್ಪದೆ ಬರುತ್ತದೆ. ತಪ್ಪದೆ ಬರುವುದೇ ಅದರ ಬೆಲೆ. ಆದರೂ ಎರಡು ಮಾತುಗಳನ್ನು ಮರೆಯಬಾರದು. ಆ ಮೊತ್ತವು ಬಿಪಿಎಲ್ ಕಾರ್ಡಿನ ಮಿತಿಯಾದ 1 ಲಕ್ಷ 20 ಸಾವಿರವನ್ನು ಮುಟ್ಟಲಿಲ್ಲ. ಇನ್ನು, ಹೊಲವೇ ಇಲ್ಲದೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಕೂಲಿಯವರಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳಲು ಹೊಲವೂ ಇಲ್ಲ.

ಅಂಗಡಿಯವರ ಮನೆಯಲ್ಲಿ ಸಂಕಟದ ರೂಪ ಬೇರೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರ ಮನೆಗೆ ಇಲ್ಲ. ವ್ಯಾಪಾರ ಸ್ವಲ್ಪ ಬೆಳೆದು ಜಿಎಸ್‌ಟಿಗೆ ಸೇರಿದರೆ ಆ ಹಣ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅಂಜಿಕೆ ಆಸ್ಪತ್ರೆಯದು. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ನಿಗದಿಯಾದ ದರದಲ್ಲಿ ಶೇಕಡ 30ನ್ನು ಮಾತ್ರ ಸರ್ಕಾರ ಕೊಡುತ್ತದೆ. ಮಿಕ್ಕ 70ನ್ನು ಮನೆಯವರೇ ಹೊಂದಿಸಬೇಕು. ಬಡತನದ ರೇಖೆಯಿಂದ ಒಂದು ಮೆಟ್ಟಿಲು ಮೇಲೇರಿದವನು ತಲೆಯ ಮೇಲಿನ ಕೊಡೆಯನ್ನು ಕೆಳಗೇ ಬಿಟ್ಟು ಬರಬೇಕು. ಮಳೆ ಮಾತ್ರ ಎರಡು ಮೆಟ್ಟಿಲುಗಳ ಮೇಲೂ ಒಂದೇ ಸಮನಾಗಿ ಸುರಿಯುತ್ತದೆ.

2024ರ ನವೆಂಬರಿನಲ್ಲಿ ಅನರ್ಹರ ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸುವ ಕಾರ್ಯ ನಡೆದಾಗ ರಾಜ್ಯದಲ್ಲೆಲ್ಲ ಎದ್ದ ಕೂಗಿಗೆ ಕಾರಣ ಇದೇ. ಕೊನೆಗೆ ಸರ್ಕಾರಿ ನೌಕರರನ್ನೂ ಆದಾಯ ತೆರಿಗೆಯವರನ್ನೂ ಬಿಟ್ಟು ಉಳಿದವರಿಗೆ ಕಾರ್ಡು ಹಿಂದಿರುಗಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಕೆಲವರು ಆ ಜನರನ್ನು ಸುಳ್ಳರೆಂದು ಹಳಿದರು. ಸುಳ್ಳು ಹೇಳಿದವರೂ ಇದ್ದಿರಬಹುದು. ಆದರೆ ಒಬ್ಬ ಗೃಹಸ್ಥನು ತನ್ನನ್ನು ಬಡವನೆಂದು ಬರೆಸಿಕೊಳ್ಳಲು ಇಷ್ಟು ಹೋರಾಡುವನೆಂದರೆ, ನಡುವಿನ ಮನೆಯಲ್ಲಿ ಅವನಿಗೆ ನೆಲೆಯಿಲ್ಲವೆಂದು ಅವನಿಗೆ ಗೊತ್ತಿದೆಯೆಂದೇ ಅರ್ಥ. ಹಿಂದೆ ಮಾನವಂತರು ಬಡತನವನ್ನು ಬಚ್ಚಿಟ್ಟುಕೊಳ್ಳುತ್ತಿದ್ದರು. ಇಂದು ಇರುವ ಚಿಕ್ಕ ಅನುಕೂಲವನ್ನು ಬಚ್ಚಿಡಬೇಕಾಗಿದೆ. ಮಧ್ಯಮ ವರ್ಗ ಕುಗ್ಗಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೇಲ್ನೋಟಕ್ಕೆ ಇದು ಯಾರಿಗೂ ಕಾಣದು. ಹೋಬಳಿಯಲ್ಲಿ ಇಂದು ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳಿವೆ. ಬಾಗಿಲಲ್ಲಿ ಬೈಕು, ಕೈಯಲ್ಲಿ ಮೊಬೈಲು, ಗೋಡೆಯ ಮೇಲೆ ಟಿವಿ. ಅಜ್ಜನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಆದರೆ ಬೈಕಿನ ಕಂತು ಉಳಿದಿದೆ, ತಾರಸಿಯ ಸಾಲ ಉಳಿದಿದೆ, ಮಗುವಿನ ಖಾಸಗಿ ಶಾಲೆಯ ಶುಲ್ಕ ಪ್ರತಿ ಜೂನಿನಲ್ಲಿ ಬಾಗಿಲು ತಟ್ಟುತ್ತದೆ. ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯವು 2022–23ರಲ್ಲಿ ರಾಷ್ಟ್ರದ ಉತ್ಪನ್ನದ ಶೇಕಡ 5ರ ಆಸುಪಾಸಿಗೆ ಕುಸಿದು, ಹಲವು ದಶಕಗಳಲ್ಲೇ ಅತಿ ಕಡಿಮೆಯಾಯಿತೆಂದು ರಿಸರ್ವ್ ಬ್ಯಾಂಕಿನ ಲೆಕ್ಕ ಹೇಳಿತು. ಮನೆ ದೊಡ್ಡದಾಯಿತು, ಹಗೇವು ಬರಿದಾಯಿತು.

ನಡುವಿನವರು ಹೋದರೆ ಊರಿಗೆ ಏನಾಗುತ್ತದೆಂಬುದನ್ನು ಶಿರಾ ಪಟ್ಟಣವೇ ಒಮ್ಮೆ ಕಂಡಿದೆ. ಮೊಗಲರ ಕಾಲದಲ್ಲಿ ಒಂದು ಸುಬೆಯ ರಾಜಧಾನಿಯಾಗಿ, ದಿಲಾವರ್ ಖಾನನ ಆಳ್ವಿಕೆಯಲ್ಲಿ ವೈಭವದ ಶಿಖರದಲ್ಲಿದ್ದ ಆ ಪಟ್ಟಣದಿಂದ, ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಗಂಜಾಮನ್ನು ನೆಲೆಗೊಳಿಸುವ ಸಲುವಾಗಿ 12,000 ಕುಟುಂಬಗಳನ್ನು ಸಾಗಿಸಿದನೆಂದು ಗೆಜೆಟಿಯರುಗಳಲ್ಲಿ ಬರೆದಿದೆ. ಕೋಟೆ ಉಳಿಯಿತು, ಗೋರಿ ಉಳಿಯಿತು. ಪಟ್ಟಣದ ಹಳೆಯ ಕಳೆ ಮರಳಲಿಲ್ಲ. ಇಂದು ಯಾವ ದೊರೆಯ ಅಪ್ಪಣೆಯೂ ಬೇಕಿಲ್ಲ. ಬೆಳಗಿನ ಬೆಂಗಳೂರು ಬಸ್ಸು ಸಾಕು. ಓದಿದ ಮಗ ಪೀಣ್ಯದ ಕಾರ್ಖಾನೆಗೋ ವೈಟ್‌ಫೀಲ್ಡಿನ ಕಚೇರಿಗೋ ಹೋಗುತ್ತಾನೆ. ಅಲ್ಲಿ ಬಾಡಿಗೆ ತೆತ್ತು ಉಳಿದುದನ್ನು ಊರಿಗೆ ಕಳುಹಿಸುತ್ತಾನೆ. ನಗರದ ಲೆಕ್ಕದಲ್ಲಿ ಅವನು ಕೆಳಗಿನವನು, ಊರಿನ ಲೆಕ್ಕದಲ್ಲಿ ಊರಲ್ಲಿಲ್ಲದವನು.

ಊರಿನಲ್ಲಿ ನಡುವಿನ ಮನೆ ಬರಿಯ ತನಗಾಗಿ ಬಾಳುತ್ತಿರಲಿಲ್ಲ. ಬರದ ವರ್ಷ ನೆರೆಯವನಿಗೆ ಕೊಳಗ ರಾಗಿ ಕೊಟ್ಟು ಸುಗ್ಗಿಯಲ್ಲಿ ತೀರಿಸಿಕೊಳ್ಳುತ್ತಿದ್ದುದು ಆ ಮನೆ. ಬ್ಯಾಂಕಿನಲ್ಲಿ ಜಾಮೀನಿಗೆ ನಿಲ್ಲುತ್ತಿದ್ದುದು, ಶಾಲೆಗೆ ಮೇಷ್ಟರು ಬರದಿದ್ದರೆ ತಾಲ್ಲೂಕು ಕಚೇರಿಗೆ ಹೋಗಿ ಕೇಳುತ್ತಿದ್ದುದು, ಕೆರೆಯ ತೂಬು ಒಡೆದರೆ ನಾಲ್ಕು ಜನರನ್ನು ಕೂಡಿಸುತ್ತಿದ್ದುದು ಆ ಮನೆ. ಆ ಮನೆಯವರು ತಮ್ಮ ಮಕ್ಕಳನ್ನು ಊರ ಶಾಲೆಯಿಂದ ಬಿಡಿಸಿದ ದಿನದಿಂದ ಶಾಲೆಯನ್ನು ಕೇಳುವವರು ಕಡಿಮೆಯಾದರು. ಸರ್ಕಾರಿ ಆಸ್ಪತ್ರೆಯನ್ನು ಬಿಟ್ಟ ದಿನದಿಂದ ಅಲ್ಲಿ ಔಷಧಿ ಇದೆಯೇ ಎಂದು ವಿಚಾರಿಸುವವರು ಇಲ್ಲವಾದರು. ಹೀಗೆ ಬಿಟ್ಟುದರ ಬೆಲೆಯನ್ನು ಈಗ ಶುಲ್ಕದ ರೂಪದಲ್ಲಿಯೂ ಬಿಲ್ಲಿನ ರೂಪದಲ್ಲಿಯೂ ಅವರೇ ತೆರುತ್ತಿದ್ದಾರೆ. ಈ ಒಂದು ಪಾಲು ತಪ್ಪು ಮಧ್ಯಮ ವರ್ಗದವರದೇ ಎಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಇಂದು ಯಾರೂ ಹಿತ್ತಿಲಲ್ಲಿ ಗುಳಿ ತೋಡಿ ರಾಗಿ ತುಂಬಬೇಕಾಗಿಲ್ಲ. ಒಳ್ಳೆಯ ಸರ್ಕಾರಿ ಶಾಲೆ ಒಂದು ಹಗೇವು. ಮಗುವಿನ ಓದು ಅಪ್ಪನ ಆ ವರ್ಷದ ಫಸಲನ್ನು ಅವಲಂಬಿಸದಂತೆ ಅದು ಕಾಯುತ್ತದೆ. ಕಾರ್ಡಿನ ಬಣ್ಣ ನೋಡದೆ ಚಿಕಿತ್ಸೆ ಕೊಡುವ ಆಸ್ಪತ್ರೆ ಇನ್ನೊಂದು ಹಗೇವು. ಊರ ಡೇರಿ, ಪ್ರಾಮಾಣಿಕವಾಗಿ ನಡೆಯುವ ಸಹಕಾರ ಸಂಘ, ನೀರು ನಿಲ್ಲುವ ಕೆರೆ, ಮುದುಕರಿಗೆ ನೆಚ್ಚಿಕೆಯ ಪಿಂಚಣಿ, ಇವೆಲ್ಲ ಊರಿನವರು ಕೂಡಿ ತುಂಬುವ ಹಗೇವುಗಳು. ಹಳೆಯ ಹಗೇವು ಒಬ್ಬೊಬ್ಬರದಾಗಿದ್ದುದರಿಂದ ಕೇರಿಯವರಿಗೆ ದಕ್ಕಲಿಲ್ಲ. ಇವು ಎಲ್ಲರವು, ಕಾರ್ಡಿನ ಗೆರೆಯ ಮೇಲಿನವರಿಗೂ ಕೆಳಗಿನವರಿಗೂ ಸಲ್ಲುವಂಥವು. ಇವು ತುಂಬಿದ್ದರೆ, ಒಂದು ಮೆಟ್ಟಿಲು ಮೇಲೇರಿದ ಮನೆ ಮತ್ತೆ ಜಾರುವ ಭಯವಿಲ್ಲದೆ ಅಲ್ಲಿಯೇ ನಿಲ್ಲುತ್ತದೆ. ನಡುವಿನ ವರ್ಗವೆಂಬುದು ಹೀಗೆ ನಿಂತವರ ಹೆಸರು.

ಮುಂದಿನ ಗಣತಿಯವರು ಗೌಡಗೆರೆಯ ಆ ಬೀದಿಗೆ ಬಂದಾಗ ಎಷ್ಟು ಬೈಕು, ಎಷ್ಟು ಟಿವಿ, ಎಷ್ಟು ಮೊಬೈಲು ಎಂದು ಬರೆದುಕೊಳ್ಳಲಿ. ಅದೂ ಬೇಕಾದ ಲೆಕ್ಕವೇ. ಆದರೆ ಜಗಲಿಯ ಮೇಲೆ ಕುಳಿತ ಮನೆಯ ಹಿರಿಯಳನ್ನು ಇನ್ನೊಂದು ಪ್ರಶ್ನೆ ಕೇಳುವುದು ಲೇಸು: “ಅವ್ವಾ, ಮುಂದಿನ ಎರಡು ವರ್ಷ ಮಳೆ ಬರಲಿಲ್ಲವೆಂದರೆ ನಿಮ್ಮ ಮನೆ ಹೇಗೆ ನಡೆಯುತ್ತದೆ?” ಆಕೆ ಗಾಬರಿಯಾಗದೆ ಉತ್ತರ ಹೇಳಬಲ್ಲಳಾದರೆ, ಆ ಮನೆಯನ್ನು ಮಧ್ಯಮ ವರ್ಗವೆಂದು ಧೈರ್ಯವಾಗಿ ಬರೆದುಕೊಳ್ಳಬಹುದು.